ನಾಲ್ಕು ಸಾವಿರದ ಒಂದನೆಯ ಕಲ್ಲು

"ಗುರುಗಳೇ, ಯಾರ ಜೊತೆಗೂ ಹೊಂದದೆ ಉಳಿದುಬಿಡುವ ಒಬ್ಬನನ್ನು ಏನು ಮಾಡಬೇಕು?"

ಕೇಳಿದವನು ಮಠದ ಹಿರಿಯ ಶಿಷ್ಯ. ಮಠದಲ್ಲಿ ಮೂವತ್ತು ಮಂದಿ ಶಿಷ್ಯರಿದ್ದರು. ದಿನಾ ಬೆಳಿಗ್ಗೆ ಅವರನ್ನು ಆರಾರು ಜನರ ಐದು ಗುಂಪು ಮಾಡಿ ಕೆಲಸಕ್ಕೆ ಹಚ್ಚುವುದು ಅವನ ಹೊಣೆ. ಅಡಿಗೆಗೆ ಆರು, ಬಾವಿಗೆ ಆರು, ಕೊಟ್ಟಿಗೆಗೆ ಆರು, ತೋಟಕ್ಕೆ ಆರು, ಕಸ ಗುಡಿಸಲು ಆರು. ತನ್ನ ಎದೆಯ ಮೇಲೆ ಕೈ ಇಟ್ಟುಕೊಂಡು ಒಂದು ಎಂದು ಶುರು ಮಾಡಿದರೆ ಮೂವತ್ತರ ತನಕ ಅವನ ಎಣಿಕೆ ಎಲ್ಲೂ ಎಡವುತ್ತಿರಲಿಲ್ಲ. ಹೋದ ತಿಂಗಳು ಒಬ್ಬ ಮುದುಕ ಬಂದು ಮಠ ಸೇರಿದ. ಕುಂಬಾರಿಕೆ ಬಿಟ್ಟು ಬಂದವನು. ಕಿವಿ ಮಂದ, ಕೆಲಸ ನಿಧಾನ, ಹಾಡು ಮಾತ್ರ ಜೋರು. ಅಂದಿನಿಂದ ಪ್ರತಿ ಬೆಳಿಗ್ಗೆ ಗುಂಪುಗಳೆಲ್ಲ ಹೊರಟುಹೋದ ಮೇಲೆ ಅಂಗಳದಲ್ಲಿ ಆ ಮುದುಕ ಒಬ್ಬನೇ ನಿಂತಿರುತ್ತಿದ್ದ.

"ಯಾವ ಗುಂಪಿಗೆ ಸೇರಿಸಿದರೂ ಆ ಗುಂಪು ಗೊಣಗುತ್ತದೆ" ಎಂದ ಶಿಷ್ಯ. "ಅವನನ್ನು ಊರಿಗೆ ಕಳಿಸಿಬಿಟ್ಟರೆ ಲೆಕ್ಕ ಸರಿಹೋಗುತ್ತದೆ. ನಿಮ್ಮ ಅಪ್ಪಣೆ ಬೇಕು."

ಗುರುಗಳು ಶೇಂಗಾ ಸುಲಿಯುತ್ತಿದ್ದರು. ಬುಟ್ಟಿಯನ್ನು ಶಿಷ್ಯನ ಕಡೆಗೂ ಸರಿಸಿದರು.

"ಕೂತುಕೊ. ನಿನಗೆ ಲೆಕ್ಕ ಚೆನ್ನಾಗಿ ಬರುತ್ತದೆ, ಆದ್ದರಿಂದ ಲೆಕ್ಕದ ಕತೆಯನ್ನೇ ಹೇಳುತ್ತೇನೆ. ಸುಲಿಯುತ್ತ ಕೇಳು. ತಿನ್ನುತ್ತ ಅಲ್ಲ" ಎಂದರು. ಆಮೇಲೆ ಹೇಳತೊಡಗಿದರು.

ಎರೆಮಣ್ಣಿನ ಸೀಮೆಯಲ್ಲಿ ಒಂದು ದೊಡ್ಡ ಊರಿತ್ತು. ಎರೆಮಣ್ಣು ಎಂಥದ್ದು ಎಂದು ನಿನಗೆ ಗೊತ್ತು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಚಪ್ಪಲಿ ನುಂಗುತ್ತದೆ, ಮಳೆಗಾಲದಲ್ಲಿ ಕಾಲನ್ನೇ ನುಂಗುತ್ತದೆ. ಹತ್ತು ಹೆಜ್ಜೆ ನಡೆದರೆ ಒಂದೊಂದು ಪಾದಕ್ಕೂ ಸೇರು ಸೇರು ಮಣ್ಣು ಮೆತ್ತುತ್ತದೆ. ಹೀಗಾಗಿ ಆ ಊರಲ್ಲಿ ಯಾರ ಮನೆಯ ಕಟ್ಟೆ ಹತ್ತಬೇಕಾದರೂ ಮೊದಲು ಕಡ್ಡಿಯಿಂದ ಕೆಸರು ಕೆರೆದುಕೊಳ್ಳಬೇಕು, ಆಮೇಲೆ ಕಾಲು ತೊಳೆಯಬೇಕು. ಮಳೆಗಾಲದಲ್ಲಿ ಬಂದವರಿಗೆ ಕುಡಿಯಲು ನೀರು ಕೊಡುವ ಮೊದಲು ಕಾಲಿಗೆ ನೀರು ಕೊಡುವುದು ಅಲ್ಲಿನ ಮರ್ಯಾದೆ. ಊರ ಬಾವಿಗಳ ನೀರು ಸವಳು. ಸಿಹಿನೀರಿನ ಬಾವಿ ಇದ್ದದ್ದು ಒಂದೇ, ಅದೂ ಮೈಲಿಗಿಂತ ದೂರ, ಗುಡ್ಡದ ಬುಡದಲ್ಲಿ. ಬಾವಿಯ ಪಕ್ಕದ ಗುಡಿಸಲಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಊರಿನ ಮುಕ್ಕಾಲು ಪಾಲು ಜನ ಅವಳ ಕೈಯಲ್ಲೇ ಹುಟ್ಟಿದವರು. ಮಳೆಗಾಲದಲ್ಲಿ ಹುಟ್ಟಿದವರ ಬಗ್ಗೆ ಮಾತ್ರ ಹಾಗೆ ಹೇಳುವಂತಿಲ್ಲ. ಅವಳು ಮೊಳಕಾಲ ತನಕ ಕೆಸರು ಹೊತ್ತು ಬರುವಷ್ಟರಲ್ಲಿ ಎಷ್ಟೋ ಸಲ ಕೂಸು ಹುಟ್ಟಿಬಿಟ್ಟಿರುತ್ತಿತ್ತು. ಕೆಲವು ಸಲ ಬೇರೆಯದೂ ಆಗಿಬಿಟ್ಟಿರುತ್ತಿತ್ತು.

ಆ ಊರಿನ ಗೌಡನಿಗೆ ಒಂದು ಆಸೆ. ಊರ ನಡುವೆ ಕಲ್ಲು ಹಾಸಿದ ಒಂದು ಅಂಗಳ ಆಗಬೇಕು, ಮಳೆ ಬಂದಾಗಲೂ ಊರೆಲ್ಲ ಕೆಸರಿಲ್ಲದ ನೆಲದ ಮೇಲೆ ಒಟ್ಟಿಗೆ ನಿಲ್ಲಬೇಕು. ಆಸೆ ಒಳ್ಳೆಯದೇ. ಗೌಡನೂ ಕೆಟ್ಟವನಲ್ಲ. ಅವನು ಒಬ್ಬ ಕಲ್ಲುಕುಟಿಗನನ್ನು ಕರೆಸಿದ. ಇಬ್ಬರೂ ಕೂಡಿ ಒಂದು ಕಟ್ಟಳೆ ಮಾಡಿದರು. ಊರಿನ ಒಂದೊಂದು ಜೀವಕ್ಕೆ ಒಂದೊಂದು ಕಲ್ಲು. ಗೌಡನಿಗೂ ಒಂದೇ, ಅವನ ಮನೆಯ ಆಳಿಗೂ ಒಂದೇ. ಮೊಳ ಉದ್ದ, ಮೊಳ ಅಗಲದ ಕಲ್ಲನ್ನು ಗುಡ್ಡದಿಂದ ಕಡಿಸಿ, ತಮ್ಮ ಗುರುತು ಕೆತ್ತಿಸಿ, ಗಾಡಿಯಲ್ಲೋ ಹೆಗಲ ಮೇಲೋ ತಾವೇ ತರಬೇಕು. ಎಣಿಕೆಯ ದಿನ ಊರಲ್ಲಿ ಜೀವದಿಂದಿದ್ದ ಎಲ್ಲರ ಕಲ್ಲೂ ಅಂಗಳದಲ್ಲಿ ಇರಬೇಕು. ಆಮೇಲೆ ಬಂದವರದು ಸೇರುವಂತಿಲ್ಲ. ಯಾವ ಕಲ್ಲನ್ನೂ ಒಡೆಯುವಂತಿಲ್ಲ, ಯಾವ ಕಲ್ಲನ್ನೂ ಬಿಡುವಂತಿಲ್ಲ. ಬಸುರಿಯರು ಹೊಟ್ಟೆಯಲ್ಲಿರುವ ಕೂಸಿನ ಹೆಸರಲ್ಲೂ ಒಂದು ಕಲ್ಲು ತರಬೇಕು. ಇದು ಕಲ್ಲುಕುಟಿಗನ ಹೆಂಡತಿ ಸೇರಿಸಿದ ಮಾತು. ಗೌಡ ನಕ್ಕು ಒಪ್ಪಿಕೊಂಡ.

ಕಲ್ಲುಕುಟಿಗ ರಾಶಿ ಹಾಕಿ ಎಣಿಸುವವನಲ್ಲ. ರಾಶಿಯಲ್ಲಿ ಒಂದೇ ಕಲ್ಲು ಎರಡು ಸಲ ಕಣ್ಣಿಗೆ ಬೀಳುತ್ತದೆ ಎಂಬ ಹೆದರಿಕೆ ಅವನಿಗೆ. ಅದಕ್ಕೆ ಒಂದು ಉಪಾಯ ಮಾಡಿದ. ಗೌಡನ ಬಾಗಿಲಿನಿಂದ ಗುಡ್ಡದ ಕಡೆಗೆ ಹೋಗುವ ಗಾಡಿದಾರಿಯ ಬದಿಯಲ್ಲಿ ಕಲ್ಲುಗಳನ್ನು ಒಂದಕ್ಕೊಂದು ತಾಗಿಸಿ ಒಂದೇ ಸಾಲಿನಲ್ಲಿ ಮಲಗಿಸಿದ. ಮೊದಲನೆಯದು ಗೌಡನ ಕಲ್ಲು, ಅದರ ಮೇಲೆ ನೇಗಿಲಿನ ಗುರುತು. ಅಲ್ಲಿಂದ ಶುರು ಮಾಡಿ ಕೊನೆಯ ಕಲ್ಲಿನ ತನಕ ಎಣಿಸುತ್ತ ನಡೆದ. ಸರಿಯಾಗಿ ನಾಲ್ಕು ಸಾವಿರ.

ನಾಲ್ಕು ಸಾವಿರ ಎಂಬ ಸಂಖ್ಯೆಯನ್ನು ಕಂಡು ಕಲ್ಲುಕುಟಿಗನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅದು ಧಾರಾಳದ ಸಂಖ್ಯೆ. ಎರಡು ಸಾಲು ಮಾಡು, ಆಗುತ್ತದೆ. ನಾಲ್ಕು, ಐದು, ಎಂಟು, ಹತ್ತು, ಇಪ್ಪತ್ತು, ನಲವತ್ತು, ಯಾವುದಕ್ಕೂ ಇಲ್ಲ ಎನ್ನುವುದಿಲ್ಲ. ಐವತ್ತು ಸಾಲು, ಸಾಲಿಗೆ ಎಂಬತ್ತು ಕಲ್ಲು ಎಂದು ಕಲ್ಲುಕುಟಿಗ ಗೊತ್ತು ಮಾಡಿದ. ನಾಲ್ಕು ಮೂಲೆಗೆ ಗೂಟ ಹೊಡೆದು ದಾರ ಎಳೆದ. ಅಂಗಳ ಆಗುವ ತನಕ ಯಾರೂ ಕಲ್ಲುಗಳನ್ನು ತುಳಿಯಬಾರದು ಎಂದು ಗೌಡ ಡಂಗುರ ಹೊಡೆಸಿದ. ಅವು ಊರ ಜನರೇ ಅಲ್ಲವೇ, ದಾರಿಯಲ್ಲಿ ಮಲಗಿದ ಮನುಷ್ಯರನ್ನು ತುಳಿದ ಹಾಗಾಗುತ್ತದೆ ಎಂಬುದು ಅವನ ವಿಚಾರ.

ಎರಡು ದಿನಕ್ಕೆ ಮಳೆ ಹಿಡಿಯಿತು. ಮೂರನೆಯ ದಿನ ಒಬ್ಬ ರೈತನ ಹೆಂಡತಿಗೆ ಹೆರಿಗೆ ನೋವು ಬಂತು. ಅವಳು ಎಣಿಕೆಯ ದಿನ ತನ್ನದೊಂದು, ಹೊಟ್ಟೆಯದೊಂದು ಎಂದು ಎರಡು ಕಲ್ಲು ಕೊಟ್ಟವಳು. ರೈತ ಸೂಲಗಿತ್ತಿಯನ್ನು ಕರೆಯಲು ಓಡಿದ. ಆ ಮಳೆಯಲ್ಲೂ ಸೂಲಗಿತ್ತಿ ಎಂದಿಗಿಂತ ಬೇಗ ಬಂದಳು. ಹೇಗೆ ಬಂದಳು ಎಂದು ಯಾರೂ ಕೇಳಲಿಲ್ಲ. ಹೆರಿಗೆ ಮನೆಯಲ್ಲಿ ಅದನ್ನೆಲ್ಲ ಕೇಳಲು ಯಾರಿಗೆ ಬಿಡುವು? ಹೆಣ್ಣು ಕೂಸು ಹುಟ್ಟಿತು. ಹೆಂಗಸರು ನೆಮ್ಮದಿಯ ಉಸಿರು ಬಿಟ್ಟರು. ಸೂಲಗಿತ್ತಿ ಬಾಣಂತಿಯ ಹೊಟ್ಟೆಯ ಮೇಲೆ ಕೈ ಇಟ್ಟವಳು ಹಾಗೆಯೇ ನಿಂತಳು.

"ತಡೀರಿ, ಇನ್ನೊಂದ್ ಉಳದೈತಿ" ಎಂದಳು.

ಎರಡನೆಯದು ಅಡ್ಡ ತಿರುಗಿತ್ತು. ಅವಳ ಕೈ ಒಳ್ಳೆಯ ಕೈ, ಹೊತ್ತಿಗೆ ಬಂದ ಕೈ. ಅರ್ಧ ಗಳಿಗೆಯಲ್ಲಿ ಅದೂ ಹೊರಗೆ ಬಂದು ಅತ್ತಿತು. ಮೊದಲನೆಯದಕ್ಕಿಂತ ಜೋರಾಗಿಯೇ ಅತ್ತಿತು. ಅದೂ ಹೆಣ್ಣು. ತೊಟ್ಟಿಲು ಒಂದೇ ಇತ್ತು, ಇಬ್ಬರನ್ನೂ ಅದರಲ್ಲೇ ಮಲಗಿಸಿದರು.

ಮರುದಿನ ರೈತ ಹೆಗಲ ಮೇಲೆ ಇನ್ನೊಂದು ಕಲ್ಲು ಹೊತ್ತು ತಂದು ಸಾಲಿನ ತುದಿಯಲ್ಲಿ ಇಟ್ಟ. ಕಟ್ಟಳೆಯ ಪ್ರಕಾರ ಅದು ಸರಿಯಾಗಿತ್ತು. ಎಣಿಕೆಯ ದಿನ ಆ ಕೂಸಿಗೂ ಜೀವ ಇತ್ತು. ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ. ಕಲ್ಲುಕುಟಿಗನೂ ಅಡ್ಡಿ ಮಾಡಲಿಲ್ಲ. ಒಂದು ಕಲ್ಲಿನಿಂದ ಏನಾಗುತ್ತದೆ ಎಂದುಕೊಂಡ.

ಮನೆಗೆ ಹೋಗಿ ಇದ್ದಿಲು ಹಿಡಿದು ಗೋಡೆಯ ಮೇಲೆ ಲೆಕ್ಕ ಮಾಡಲು ಕೂತಾಗ ಏನಾಗುತ್ತದೆ ಎಂದು ಅವನಿಗೆ ತಿಳಿಯಿತು. ನಾಲ್ಕು ಸಾವಿರದ ಒಂದು. ಐವತ್ತು ಸಾಲು ಮಾಡಿದರೆ ಒಂದು ಉಳಿಯುತ್ತದೆ. ನಲವತ್ತು ಮಾಡಿದರೂ ಒಂದು, ಎರಡು ಮಾಡಿದರೂ ಅದೇ ಒಂದು. ಹೋಗಲಿ ಎಂದು ಮೂರು ಸಾಲು ಮಾಡಿ ನೋಡಿದ, ಎರಡು ಉಳಿದವು. ಏಳಕ್ಕೆ ನಾಲ್ಕು ಉಳಿದವು. ಹನ್ನೊಂದಕ್ಕೆ ಎಂಟು, ಹದಿಮೂರಕ್ಕೆ ಹತ್ತು, ಹದಿನೇಳಕ್ಕೆ ಆರು. ಇಪ್ಪತ್ತಮೂರಕ್ಕೆ ಬಂದಾಗ ಒಂದೇ ಒಂದು ಕಲ್ಲು ಕಡಿಮೆ ಬಿತ್ತು. ಇಪ್ಪತ್ತೊಂಬತ್ತಕ್ಕೂ ಹಾಗೆಯೇ, ಒಂದೇ ಒಂದು ಕಡಿಮೆ. ಕಲ್ಲುಕುಟಿಗ ಇದ್ದಿಲು ಕೆಳಗಿಟ್ಟು ಸೂಲಗಿತ್ತಿಯ ಹತ್ತಿರ ಹೋಗಿ, ಊರಲ್ಲಿ ಇನ್ನೊಂದು ಜೋಡಿ ಕೂಸು ಎಲ್ಲಾದರೂ ಹೊಟ್ಟೆಯಲ್ಲಿದೆಯೇ ಎಂದು ಕೇಳಿಯೂ ಬಂದ. ಅವಳು ಅವನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು.

ಅರವತ್ತಮೂರರ ತನಕ ಅವನು ನೋಡಿದ. ಅಲ್ಲಿಗೆ ಏಕೆ ನಿಲ್ಲಿಸಿದ, ನೀನು ಲೆಕ್ಕ ಬಲ್ಲವನು, ಹೇಳಬಲ್ಲೆ. ಅರವತ್ತನಾಲ್ಕು ಸಾಲು ಹಾಕಿದರೆ ಒಂದು ಸಾಲಿಗೆ ಅರವತ್ತಮೂರು ಕಲ್ಲು ಕೂಡ ಸಿಗುವುದಿಲ್ಲ. ಅಂಥ ಅಂಗಳವನ್ನು ಪಕ್ಕಕ್ಕೆ ತಿರುಗಿ ನಿಂತು ನೋಡಿದರೆ ಉದ್ದವೇ ಅಗಲವಾಗುತ್ತದೆ, ಅಷ್ಟು ಸಾಲನ್ನು ಅವನು ಆಗಲೇ ಭಾಗಿಸಿ ನೋಡಿ ಬಿಟ್ಟಿದ್ದ. ಶಾಲೆಯಲ್ಲಿ ಇಂಥ ಸಂಖ್ಯೆಗೆ ಅವಿಭಾಜ್ಯ ಎನ್ನುತ್ತಾರೆ. ಒಂದರಿಂದ ಭಾಗವಾಗುತ್ತದೆ, ತನ್ನಿಂದ ತಾನು ಭಾಗವಾಗುತ್ತದೆ, ಬೇರೆ ಯಾರಿಗೂ ಬಗ್ಗುವುದಿಲ್ಲ. ಕಲ್ಲುಕುಟಿಗ ಅದಕ್ಕೆ ಇಟ್ಟ ಹೆಸರು ಹಟಮಾರಿ. ನಿನ್ನೆ ತನಕ ಎಲ್ಲರಿಗೂ ಹೂಂ ಎನ್ನುತ್ತಿದ್ದ ಸಂಖ್ಯೆ ಒಂದು ಕೂಸು ಬಂದ ಕೂಡಲೇ ಯಾರ ಮಾತನ್ನೂ ಕೇಳದೆ ಹೋಯಿತಲ್ಲ ಎಂದು ಅವನಿಗೆ ಸಿಟ್ಟೂ ಬಂತು, ಒಳಗೊಳಗೆ ಒಂದು ಬಗೆಯ ಅಕ್ಕರೆಯೂ ಬಂತು. ಹೆಂಡತಿ ಗೋಡೆ ನೋಡಿ ಬೈದಳು. ಅವನು ಅಳಿಸಲಿಲ್ಲ.

ಇದೆಲ್ಲ ಗೌಡನ ಕಿವಿಗೆ ಬಿತ್ತು. "ನಾಕ್ ಸಾವಿರ ಇದ್ದದ್ದು ಒಂದ್ ಹೆಚ್ಚಾತು. ಆ ಒಂದನ್ನ ತಗದಬಿಡು. ಅದಕ್ಕ್ಯಾಕ ಇಷ್ಟ ತಲಿ ಕೆಡಿಸ್ಕೋತಿ?" ಎಂದ.

"ಯಾವದನ್ನ ತಗೀಲ್ರಿ ಗೌಡ್ರ?"

"ಕಡೀಕ ಬಂದದ್ದನ್ನ."

ಕಲ್ಲುಕುಟಿಗನಿಗೆ ಅದು ಸರಿಬರಲಿಲ್ಲ. ಒಂದು ಕಲ್ಲನ್ನೂ ಬಿಡುವಂತಿಲ್ಲ ಎಂದು ಬಾಯಾರೆ ಹೇಳಿದವರಲ್ಲಿ ತಾನೂ ಒಬ್ಬ. ಆದರೆ ನಾಲ್ಕು ಮೂಲೆಯ ಅಂಗಳ ಬೇಕೆಂದರೆ ಬೇರೆ ದಾರಿಯೂ ಕಾಣಲಿಲ್ಲ. ಹಲ್ಲು ಬಿದ್ದ ಬಾಯಿಯಂತೆ ಒಂದು ಸಾಲು ಮೊಂಡಾಗಿರುವ ಅಂಗಳ ಹಾಕಲು ಅವನ ಕೈ ಒಪ್ಪದು. ಹದಿನೈದು ದಿನ ಹೀಗೇ ಕಳೆದವು. ಮಳೆ ನಿಲ್ಲಲಿಲ್ಲ. ಕಡೆಗೆ ಅವನು ರೈತನ ಮನೆಗೆ ಹೋಗಿ, ಬಾಣಂತಿಯ ಕೋಣೆಯ ಹೊರಗೆ ನಿಂತು, ತಲೆ ತಗ್ಗಿಸಿ ವಿಷಯ ಹೇಳಿದ.

ಒಳಗೆ ಸೂಲಗಿತ್ತಿ ಕೂಸುಗಳಿಗೆ ಎಣ್ಣೆ ಹಚ್ಚುತ್ತಿದ್ದಳು. ತಾಯಿ ಕೂಸುಗಳ ಕಡೆ ತಿರುಗಿದಳು. ಆ ಊರಲ್ಲಿ ಒಬ್ಬಳನ್ನು ಬೈಯಲು ಲೆಕ್ಕಕ್ಕಿಲ್ಲದವಳು ಎನ್ನುತ್ತಿದ್ದರು. ತನ್ನ ಮಗಳನ್ನು ನಾಳೆ ಊರಿನ ಮಕ್ಕಳು ಏನೆಂದು ಕರೆಯುತ್ತಾರೆ ಎಂದು ಅವಳಿಗೆ ಕೇಳಿಸಿದಂತಾಯಿತು.

"ಯಾವ ಕೂಸಿಂದ ತಗೀತಿ ಅಣ್ಣಾ?" ಎಂದು ಕೇಳಿದಳು.

"ಎರಡನೇದ್ದು, ತಂಗೀ."

"ಎರಡನೇದ್ದು ಯಾವದು?"

ಕಲ್ಲುಕುಟಿಗ ಇಣುಕಿ ನೋಡಿದ. ಎರಡು ಕೂಸುಗಳೂ ಒಂದೇ ಸೀರೆಯ ಎರಡು ತುಂಡುಗಳ ಮೇಲೆ, ಒಂದರಂತೆ ಇನ್ನೊಂದು, ಮಲಗಿದ್ದವು. ಅವನು ಸೂಲಗಿತ್ತಿಯ ಮುಖ ನೋಡಿದ. ನಲವತ್ತು ವರ್ಷದಲ್ಲಿ ಹಿಡಿದ ಒಂದೊಂದು ಕೂಸಿನ ವಾರ, ತಿಥಿ, ಗಳಿಗೆಯನ್ನು ಬಾಯಲ್ಲೇ ಇಟ್ಟುಕೊಂಡವಳು ಅವಳು. "ನಂಗ ನೆನಪಿಲ್ಲಪಾ. ವಯಸ್ಸಾತು" ಎಂದಳು. ಎಣ್ಣೆ ಹಚ್ಚುವುದನ್ನು ನಿಲ್ಲಿಸಲೂ ಇಲ್ಲ.

ಕಲ್ಲುಕುಟಿಗನಿಗೆ ನಗು ಬಂತು, ತಡೆದುಕೊಂಡ. ಇನ್ನೊಂದು ದಾರಿ ಹೇಳಿ ನೋಡಿದ. ಆ ಕಲ್ಲನ್ನು ಅಂಗಳದ ನಡುವೆ ಪೀಠದ ಮೇಲೆ ಎತ್ತರದಲ್ಲಿ ಇಟ್ಟು ಅದಕ್ಕೆ ಹೂ ಹಾಕಿದರಾಯಿತು ಎಂದ.

"ನನ್ನ ಮಗಳನ್ನ ಹೊರಗ ಹಾಕಬ್ಯಾಡ್ರಿ, ತಲಿ ಮ್ಯಾಲೂ ಹೊರಬ್ಯಾಡ್ರಿ" ಎಂದಳು ತಾಯಿ. "ಎಲ್ಲಾರ ಸಾಲಿನ್ಯಾಗ ಇಟ್ರ ಸಾಕು." ಆಮೇಲೆ ಕೇಳಿದಳು. "ನೀ ಎಣಸೂದು ಎಲ್ಲಿಂದ?"

"ಗೌಡ್ರ ಬಾಗಲಿಂದ."

"ಒಮ್ಮಿ ಆ ತುದಿಯಿಂದ ಎಣಸಿ ನೋಡಣ್ಣಾ. ಆಮ್ಯಾಲ ನೀ ಹೇಳಿದಂಗ ಕೇಳ್ತೀನಿ."

ಇದರಲ್ಲಿ ಏನು ಹೆಚ್ಚು ಕಡಿಮೆ ಆದೀತು ಎಂದು ಕಲ್ಲುಕುಟಿಗನಿಗೆ ತಿಳಿಯಲಿಲ್ಲ. ಎತ್ತಲಿಂದ ಎಣಿಸಿದರೂ ನಾಲ್ಕು ಸಾವಿರದ ಒಂದೇ. ಆದರೂ ಬಾಣಂತಿಯ ಮಾತು ಮೀರಬಾರದೆಂದು ಮರುದಿನ ಬೆಳಿಗ್ಗೆ ಗುಡ್ಡದ ಬುಡಕ್ಕೆ ಹೋದ. ಕೂಸಿನ ಕಲ್ಲಿನಿಂದ ಶುರು ಮಾಡಿದ. ಎಂಬತ್ತು ಕಲ್ಲಿಗೊಂದು ಸುಣ್ಣದ ಗೆರೆ ಎಳೆಯುತ್ತ, ಇದು ಒಂದು ಸಾಲು, ಇದು ಎರಡು ಸಾಲು ಎನ್ನುತ್ತ ಊರ ಕಡೆಗೆ ಬಂದ. ಗೌಡನ ಡಂಗುರ ನೆನಪಿತ್ತು, ಅದಕ್ಕೆ ಕಲ್ಲು ತುಳಿಯದೆ ಪಕ್ಕದ ಕೆಸರಿನಲ್ಲೇ ನಡೆದ. ಗೌಡನ ಬಾಗಿಲಿಗೆ ಬರುವಾಗ ಹೊತ್ತು ಮೇಲೇರಿತ್ತು. ಜನ ಕೂಡಿದ್ದರು. ಐವತ್ತನೆಯ ಗೆರೆ ಎಳೆದು ಅವನು ಬೆನ್ನು ನೆಟ್ಟಗೆ ಮಾಡಿದ. ಮುಂದೆ ಒಂದು ಕಲ್ಲು ಉಳಿದಿತ್ತು. ಅದರ ಮೇಲೆ ನೇಗಿಲಿನ ಗುರುತು ಇತ್ತು.

ಗೌಡ ಕಟ್ಟೆಯ ಮೇಲಿನಿಂದ ತನ್ನ ಕಲ್ಲನ್ನೇ ನೋಡಿದ. ಮೊದಲು ಅವನ ಮುಖ ಕೆಂಪಾಯಿತು. ಕಲ್ಲುಕುಟಿಗ ತಪ್ಪು ಎಣಿಸಿದ್ದಾನೆ ಎನ್ನಲು ಬಾಯಿ ತೆರೆದ. ಎಣಿಕೆ ತಪ್ಪಿಲ್ಲ ಎಂದು ಅವನಿಗೂ ಗೊತ್ತಿತ್ತು. ಒಂದು ಉಳಿಯುತ್ತದೆ ಎಂದು ಲೆಕ್ಕ ಹೇಳುತ್ತದೆ. ಯಾವುದು ಎಂದು ಲೆಕ್ಕ ಹೇಳುವುದಿಲ್ಲ. ಅದನ್ನು ಹೇಳಿದವರು ನಾವೇ. ಗೌಡ ಕಟ್ಟೆಯ ಮೇಲೆ ಕೂತ. ಅವನು ಕೆಟ್ಟವನಲ್ಲ ಎಂದು ಆಗಲೇ ಹೇಳಿದೆನಲ್ಲ.

"ಹಂಗಾರ ನಂದ ತಗೀರಿ" ಎಂದ.

ಅವನ ಆಳು ಮುಂದೆ ಬಂದು, ಬೇಡ, ನನ್ನದು ತೆಗೆಯಿರಿ ಎಂದ. ಒಬ್ಬ ಮುದುಕಿ, ನಾನು ಇನ್ನೆಷ್ಟು ದಿನ ಇದ್ದೇನು, ನನ್ನದು ತೆಗೆಯಿರಿ ಎಂದಳು. ಇನ್ನೊಬ್ಬ, ಮತ್ತೊಬ್ಬ. ನೋಡನೋಡುತ್ತ ಊರೆಲ್ಲ ನನ್ನದು ನನ್ನದು ಎನ್ನತೊಡಗಿತು. ಹದಿನೈದು ದಿನ ಒಂದನ್ನು ತೆಗೆಯಲು ಒದ್ದಾಡಿದ ಕಲ್ಲುಕುಟಿಗನಿಗೆ ಈಗ ನಾಲ್ಕು ಸಾವಿರದ ಒಂದು ಸಿಕ್ಕವು. ಅವನ ಕಷ್ಟ ಇದ್ದಷ್ಟೇ ಇತ್ತು. ಅವನು ಕೈ ಚೆಲ್ಲಿ ಕೆಸರು ಕೆರೆದುಕೊಳ್ಳಲು ಕಡ್ಡಿ ಹುಡುಕಿದ.

ಅಷ್ಟರಲ್ಲಿ ಸೂಲಗಿತ್ತಿ ಬಂದಳು. ಕೂಸುಗಳಿಗೆ ನೀರು ಹಾಕಲು ದಿನದಂತೆ ಗುಡ್ಡದ ಬುಡದಿಂದ ಬಂದವಳು, ಜನ ಕೂಡಿದ್ದನ್ನು ನೋಡಿ ನಿಂತಳು. ಗೌಡನ ಹೆಂಡತಿ ಒಳಗಿನಿಂದ ತಂಬಿಗೆಯಲ್ಲಿ ನೀರು ತಂದಳು. ಕಲ್ಲುಕುಟಿಗನ ಕಾಲಿಗೆ ಸುರಿದಳು. ಒಂದು ತಂಬಿಗೆ ಸಾಲಲಿಲ್ಲ, ಇನ್ನೊಂದು ತಂದಳು. ಆಮೇಲೆ ಸೂಲಗಿತ್ತಿಯ ಕಡೆ ತಿರುಗಿದಳು.

"ನಂಗ ನೀರ ಬ್ಯಾಡವಾ" ಎಂದಳು ಸೂಲಗಿತ್ತಿ.

ಎಲ್ಲರೂ ಅವಳ ಕಾಲು ನೋಡಿದರು. ಮೈಲಿಗಿಂತ ದೂರದಿಂದ, ಹದಿನೈದು ದಿನ ಮಳೆ ಕುಡಿದ ಎರೆಮಣ್ಣಿನ ಮೇಲಿಂದ ಬಂದ ಹೆಂಗಸು. ಅವಳ ಪಾದಕ್ಕೆ ಕೆಸರಿರಲಿಲ್ಲ.

"ಕಲ್ಲ ತುಳಕೋತ ಬಂದಿಯೇನು?" ಎಂದು ಕೇಳಿದ ಗೌಡ.

"ಹೌದ್ರಿ. ನಾ ಅಷ್ಟ ಅಲ್ಲ, ನೀರ ತರೋ ಹೆಣ್ಮಕ್ಕಳೆಲ್ಲಾ ದಿನಾ ಅದರ ಮ್ಯಾಲ ಹೋಗಿ ಬರ್ತಾರ. ನಿಮ್ಮ ಅಂಜಿಕಿಗ ಹೇಳಿಲ್ಲ." ಅವಳು ಸೆರಗು ಸರಿಮಾಡಿಕೊಂಡಳು. "ಅವತ್ತ ಹಡ್ಯಾಕ ಹತ್ತಿದ ದಿವಸ ಕೆಸರಾಗ ಬಂದಿದ್ರ ನಾ ಹೊತ್ತಿಗೆ ಮುಟ್ಟತಿದ್ದಿಲ್ರೀ ಗೌಡ್ರ. ಆ ಎರಡನೇ ಕೂಸು ನಿಮ್ಮ ಲೆಕ್ಕಾ ಕೆಡಸಾಕ ಉಳೀತಿದ್ದಿಲ್ಲ."

ಕಲ್ಲುಕುಟಿಗ ತಿರುಗಿ ಸಾಲನ್ನು ನೋಡಿದ. ಗೌಡನ ಬಾಗಿಲಿನಿಂದ ಹೊರಟು, ಊರು ದಾಟಿ, ಹೊಲಗಳ ನಡುವೆ ಗುಡ್ಡದ ತನಕ ಅದು ಮಲಗಿತ್ತು. ಹಟಮಾರಿ ಎಂದು ತಾನು ಬೈದ ಸಂಖ್ಯೆ ಮೊದಲ ದಿನದಿಂದ ಒಂದೇ ಮಾತನ್ನು ಹೇಳುತ್ತ ಬಂದಿತ್ತು. ಐವತ್ತು ಸಾಲಿಗೆ ಒಲ್ಲೆ, ಮೂರು ಸಾಲಿಗೆ ಒಲ್ಲೆ, ಎರಡು ಸಾಲಿಗೂ ಒಲ್ಲೆ, ಒಂದೇ ಸಾಲಾದರೆ ಎಲ್ಲರೂ ಬರುತ್ತೇವೆ. ಗೋಡೆಯ ತುಂಬ ಭಾಗಿಸಿದವನಿಗೆ ಒಂದರಿಂದ ಭಾಗಿಸಿ ನೋಡಬೇಕು ಎನಿಸಿರಲಿಲ್ಲ. ಎಣಿಸುವಾಗ ಯಾರೂ ಹೊರಗೆ ಉಳಿದಿರಲಿಲ್ಲ. ಭಾಗ ಮಾಡಲು ಹೋದಾಗ ಒಬ್ಬರು ಉಳಿದರು.

ಗೌಡ ಕಟ್ಟೆಯಿಂದ ಇಳಿದ. ಚಪ್ಪಲಿ ಬಿಟ್ಟು ತನ್ನ ಕಲ್ಲಿನ ಮೇಲೆ ಕಾಲಿಟ್ಟ. ಅಲ್ಲಿಂದ ತನ್ನ ಹೆಂಡತಿಯ ಕಲ್ಲಿನ ಮೇಲೆ, ಆಳಿನ ಕಲ್ಲಿನ ಮೇಲೆ, ಹೀಗೆ ನಡೆಯುತ್ತ ಹೋದ. ಯಾರೂ ತಡೆಯಲಿಲ್ಲ, ತುಳಿಯಬಾರದೆಂದು ತಡೆದವನೇ ಅವನಲ್ಲವೇ. ಅವನು ಸಾಲಿನ ತುದಿ ಮುಟ್ಟಿ ಹಿಂದಿರುಗುವ ತನಕ ಜನ ಅಲ್ಲೇ ಕಾದರು. ಬಂದವನು ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಪಾದಗಳನ್ನು ಎಲ್ಲರಿಗೂ ತೋರಿಸಿದ. ಹೆಂಡತಿಗೆ, ತಂಬಿಗೆ ಒಳಗೆ ಇಡು ಎಂದ.

ನಾಲ್ಕು ಮೂಲೆಗೆ ಹೊಡೆದ ಗೂಟಗಳನ್ನು ಆ ದಿನವೇ ಕಿತ್ತರು. ಕಲ್ಲುಕುಟಿಗ ನಾಲ್ಕು ತಿಂಗಳು ಕೂತು, ಸಾಲು ಇದ್ದಲ್ಲೇ ಒಂದೊಂದು ಕಲ್ಲಿನ ಅಡಿಗೂ ಸಣ್ಣ ಕಲ್ಲಿನ ಗರಸು ತುಂಬಿ ಅಲುಗದಂತೆ ಕೂರಿಸಿದ. ಅವನು ಜೀವಮಾನದಲ್ಲಿ ಅಷ್ಟು ಉದ್ದದ ಕೆಲಸ ಮಾಡಿರಲಿಲ್ಲ, ಅಷ್ಟು ಅಗಲ ಕಡಿಮೆಯದನ್ನೂ ಮಾಡಿರಲಿಲ್ಲ. ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ದಾರಿ. ಎದುರಿನಿಂದ ಯಾರಾದರೂ ಬಂದರೆ ಒಬ್ಬರು ಕೆಸರಿಗೆ ಇಳಿಯಲೇಬೇಕು. ಅದಕ್ಕೆ ಹೆಂಗಸರು ಒಂದು ರೂಢಿ ಮಾಡಿದರು. ಖಾಲಿ ಕೊಡದವರು ತುಂಬಿದ ಕೊಡದವರಿಗೆ ಇಳಿದುಕೊಡಬೇಕು. ಗೌಡನ ಕೈಯಲ್ಲಿ ಕೊಡ ಇರುತ್ತಿರಲಿಲ್ಲ, ಆದ್ದರಿಂದ ಅವನು ಎಲ್ಲರಿಗೂ ಇಳಿಯುತ್ತಿದ್ದ. ಸೂಲಗಿತ್ತಿ ಬಂದರೆ ಮಾತ್ರ ತುಂಬಿದ ಕೊಡದವರೂ ಇಳಿಯುತ್ತಿದ್ದರು.

ಇನ್ನೊಂದು ಮಾತು ಮರೆತಿದ್ದೆ. ದಾರಿ ಬಾವಿಯನ್ನು ಮುಟ್ಟಿರಲಿಲ್ಲ. ಹನ್ನೊಂದು ಮೊಳ ಕಡಿಮೆ ಬಿದ್ದಿತ್ತು. ಆಮೇಲೆ ಬಂದವರದು ಸೇರುವಂತಿಲ್ಲ ಎಂಬ ಹಳೆಯ ಕಟ್ಟಳೆಯನ್ನು ಗೌಡನೇ ಮುರಿದ. ಅಂಗಳವಾಗಿದ್ದರೆ ಹೊಸದೊಂದು ಕಲ್ಲು ಬಂದ ಕೂಡಲೇ ಅದರ ಆಕಾರ ಕೆಡುತ್ತಿತ್ತು. ದಾರಿ ಕೆಡುವುದಿಲ್ಲ, ಒಂದು ಮೊಳ ಬೆಳೆಯುತ್ತದೆ. ಹೊಸದಾಗಿ ಮದುವೆಯಾದವರನ್ನು ಕಂಡಾಗಲೆಲ್ಲ ಊರವರು ಬಾವಿಗೆ ಇನ್ನೂ ಹನ್ನೊಂದು ಮೊಳ ಇದೆ ಎಂದು ಕಾಡುತ್ತಿದ್ದರು. ಮುಂದಿನ ಯುಗಾದಿಯ ಒಳಗೆ, ಎಣಿಕೆಯಲ್ಲಿ ಕಲ್ಲು ಬಾರದಿದ್ದ ಹನ್ನೊಂದು ಕೂಸು ಹುಟ್ಟಿದವು. ಅವುಗಳ ಕಲ್ಲುಗಳನ್ನು ಸೂಲಗಿತ್ತಿಯೇ ತನ್ನ ಕೈಯಾರೆ ಇಟ್ಟಳು. ಹನ್ನೆರಡನೆಯದು ಹುಟ್ಟಿದಾಗ ದಾರಿ ಬಾವಿಯನ್ನು ದಾಟಿ ಅವಳ ಗುಡಿಸಲ ಬಾಗಿಲ ಕಡೆ ತಿರುಗಿತು. ಆ ಅವಳಿ ಕೂಸುಗಳಲ್ಲಿ ಎರಡನೆಯದು ಯಾವುದು ಎಂದು ಅವಳಿಗೆ ಕಡೆಯ ತನಕ ನೆನಪಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಬುಟ್ಟಿ ಖಾಲಿಯಾಗಿತ್ತು. ಶಿಷ್ಯ ಸಿಪ್ಪೆಗಳನ್ನು ಒಟ್ಟು ಮಾಡತೊಡಗಿದ. ದೂರದ ಅಂಗಳದಿಂದ ಮುದುಕನ ಹಾಡು ಕೇಳುತ್ತಿತ್ತು, ಎಂದಿನಂತೆ ಜೋರಾಗಿ.

"ಕತೆ ಅರ್ಥವಾಯಿತು ಗುರುಗಳೇ" ಎಂದ ಶಿಷ್ಯ. "ಅವನನ್ನು ಕಳಿಸುವುದು ಬೇಡ, ಹೇಗೋ ಇಟ್ಟುಕೊಳ್ಳೋಣ. ಆದರೆ ಮೂವತ್ತೊಂದು ಕೂಡ ಅದೇ ಜಾತಿಯ ಸಂಖ್ಯೆ, ಯಾವುದಕ್ಕೂ ಭಾಗವಾಗುವುದಿಲ್ಲ. ನಾಳೆ ಬೆಳಿಗ್ಗೆ ಗುಂಪು ಮಾಡಿದಾಗ ಮತ್ತೆ ಒಬ್ಬ ಉಳಿಯುತ್ತಾನಲ್ಲ, ಅವನಿಗೆ ನಾನು ಏನು ಹೇಳಲಿ?"

ಗುರುಗಳು ಅವನ ತಲೆಯ ಮೇಲೆ ಕೈ ಇಟ್ಟರು.

"ಮಗೂ, ನಾಳೆ ಎಣಿಕೆಯನ್ನು ಆ ಮುದುಕನಿಂದ ಶುರು ಮಾಡಿ, ಕೊನೆಗೆ ನಿನ್ನ ಎದೆಯ ಮೇಲೆ ಕೈ ಇಟ್ಟುಕೊ."

ಶಿಷ್ಯನ ಕೈಯಲ್ಲಿದ್ದ ಸಿಪ್ಪೆಗಳು ಕೈಯಲ್ಲೇ ಉಳಿದವು.